ಎಫ್‌ಎಎ ಪೈಲಟ್ ರೆಕಾರ್ಡ್ಸ್ ಡೇಟಾಬೇಸ್: ಹಳೆಯ ಅಪಘಾತ ಇರುವ ಪೈಲಟ್‌ಗೆ ಎಷ್ಟು ಉಪಯೋಗ?

ಅಮೆರಿಕದಲ್ಲಿ ಏರ್‌ಲೈನ್‌ಗೋ ಚಾರ್ಟರ್ ಕಂಪನಿಗೋ ಅರ್ಜಿ ಹಾಕಲು ಹೊರಟ ಪೈಲಟ್‌ನ ಹಿಂದೆ ಒಂದು ಅಪಘಾತ ಇದ್ದರೆ, ಅರ್ಜಿ ತೆರೆಯುವ ಮುಂಚೆಯೇ ಪಿಆರ್‌ಡಿ, ಅಂದರೆ ಪೈಲಟ್ ರೆಕಾರ್ಡ್ಸ್ ಡೇಟಾಬೇಸ್ ನೋಡಬೇಕು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ನಡೆಸುವ ಈ ಆನ್‌ಲೈನ್ ಸೇವೆಯಲ್ಲಿ, ಕಂಪನಿ ನಾಳೆ ನಿಮ್ಮ ಬಗ್ಗೆ ಓದುವುದನ್ನು ನೀವು ಇವತ್ತೇ ಓದಬಹುದು. ಇಷ್ಟಕ್ಕೇ ಇದಕ್ಕೆ ಒಳ್ಳೆಯ ಅಂಕ ಕೊಡಬೇಕು.

ಇದು ಸುಮ್ಮನೆ ಬಂದ ವ್ಯವಸ್ಥೆಯಲ್ಲ. 1996ರ ಕಾನೂನಿನ ಪ್ರಕಾರ ಹಳೆಯ ಕಂಪನಿಗಳಿಂದ ಐದು ವರ್ಷಗಳ ದಾಖಲೆ ತರಿಸಿಕೊಳ್ಳುವ ಪದ್ಧತಿಯಿತ್ತು. 2009ರ ಫೆಬ್ರವರಿಯಲ್ಲಿ ಬಫಲೋ ಬಳಿ ಕೋಲ್ಗನ್ ಏರ್ ಕಂಪನಿಯ 3407 ಸಂಖ್ಯೆಯ ವಿಮಾನ ಬಿದ್ದು 50 ಜನ ಸತ್ತರು. ಕ್ಯಾಪ್ಟನ್ ಹಿಂದೆ ಫೇಲಾಗಿದ್ದ ಚೆಕ್‌ರೈಡ್‌ಗಳೆಲ್ಲ (ಹಾರಾಟದ ಪರೀಕ್ಷೆಗಳು) ಕಂಪನಿಗೆ ಗೊತ್ತೇ ಇರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. 2010ರಲ್ಲಿ ಸಂಸತ್ತು ಡೇಟಾಬೇಸ್ ಮಾಡಲು ಆದೇಶಿಸಿತು, ನಿಯಮ ಬಂದದ್ದು 2021ರಲ್ಲಿ, ಹಳೆಯ ಪದ್ಧತಿ ಪೂರ್ತಿ ನಿಂತದ್ದು 2024ರ ಸೆಪ್ಟೆಂಬರ್‌ನಲ್ಲಿ. ಇದರಲ್ಲಿ ಸೇರಿದ ದಾಖಲೆ ಪೈಲಟ್ ತೀರಿಕೊಳ್ಳುವವರೆಗೆ ಅಥವಾ 99 ವರ್ಷ ತುಂಬುವವರೆಗೆ ಉಳಿಯುತ್ತದೆ. "ಐದು ವರ್ಷ ಕಳೆಯಿತು, ಇನ್ನು ಹೇಳಬೇಕಿಲ್ಲ" ಎಂಬ ಹಳೆಯ ಸಲಹೆಯನ್ನು ಈಗಲೂ ಕೊಡುವವರಿದ್ದಾರೆ. ದಯವಿಟ್ಟು ಕೇಳಬೇಡಿ.

ಬಳಕೆ ಕಷ್ಟವಿಲ್ಲ. ಎಫ್‌ಎಎಯ ಮೈಆಕ್ಸೆಸ್ ಖಾತೆಯ ಮೂಲಕ ಗುರುತು ದೃಢಪಡಿಸಿ ಒಳಗೆ ಹೋದರೆ ಸರ್ಟಿಫಿಕೇಟ್, ಮೆಡಿಕಲ್, ಫೇಲಾದ ಚೆಕ್‌ರೈಡ್, ಶಿಸ್ತುಕ್ರಮ, ಆಕ್ಸಿಡೆಂಟ್ ಮತ್ತು ಇನ್ಸಿಡೆಂಟ್ ಎಲ್ಲವೂ ಕಾಣುತ್ತವೆ. ಗುರುತಿನ ಹಂತದಲ್ಲೇ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಇರುವುದರಿಂದ ಅರ್ಜಿಯ ಕೊನೆಯ ದಿನಕ್ಕೆ ಇದನ್ನು ಉಳಿಸಿಕೊಳ್ಳಬೇಡಿ.

ಕಾದಿರುವ ದೊಡ್ಡ ಗೊಂದಲ ಆಕ್ಸಿಡೆಂಟ್ ಯಾವುದು, ಇನ್ಸಿಡೆಂಟ್ ಯಾವುದು ಎಂಬುದು. ವಿಮಾನ ಹಾರಿಸುವ ಉದ್ದೇಶದಿಂದ ಮೊದಲನೆಯವರು ಹತ್ತಿದ ಕ್ಷಣದಿಂದ ಎಲ್ಲರೂ ಇಳಿಯುವವರೆಗೆ ಸಾವು, ಗಂಭೀರ ಗಾಯ ಅಥವಾ ವಿಮಾನಕ್ಕೆ ಭಾರೀ ಹಾನಿ ಆಗಿದ್ದರೆ, ಅಪಘಾತಗಳ ತನಿಖೆ ಮಾಡುವ ಸಂಸ್ಥೆಯಾದ ಎನ್‌ಟಿಎಸ್‌ಬಿಯ ಲೆಕ್ಕದಲ್ಲಿ ಅದು ಆಕ್ಸಿಡೆಂಟ್. ಅಷ್ಟಕ್ಕೆ ಹೋಗದ, ಆದರೆ ಸುರಕ್ಷತೆಗೆ ತಟ್ಟಿದ ಘಟನೆ ಇನ್ಸಿಡೆಂಟ್. ಏಳು ದಿನದೊಳಗೆ ಶುರುವಾಗಿ 48 ಗಂಟೆಗೂ ಮೀರಿದ ಆಸ್ಪತ್ರೆವಾಸ ಗಂಭೀರ ಗಾಯ. ಬೆರಳು, ಮೂಗಿನ ಸಾಧಾರಣ ಮುರಿತ ಅಲ್ಲ. ಟೈರು, ಬ್ರೇಕು, ಲ್ಯಾಂಡಿಂಗ್ ಗೇರು (ಚಕ್ರಗಳ ಜೋಡಣೆ), ಫ್ಲ್ಯಾಪು, ರೆಕ್ಕೆಯ ತುದಿ, ನೆಲಕ್ಕೆ ತಾಗಿ ಬಾಗಿದ ಪ್ರೊಪೆಲರ್ ಇವಕ್ಕಾದ ಪೆಟ್ಟು ಭಾರೀ ಹಾನಿಯಲ್ಲ. ಹಾಗಾಗಿ ಗೇರ್ ಇಳಿಸದೆ ರನ್‌ವೇ ಮೇಲೆ ಹೊಟ್ಟೆ ಕೆರೆದುಕೊಂಡು ನಿಂತದ್ದು ನೋಡಲು ಭಯಾನಕವಾದರೂ ಎಷ್ಟೋ ಸಲ ಇನ್ಸಿಡೆಂಟ್ ಅಷ್ಟೇ. ಮೂಗಿನ ಗೇರ್ ಜೋರಾಗಿ ಬಡಿದು ಫೈರ್‌ವಾಲ್ (ಎಂಜಿನ್ ಹಿಂದಿನ ತಡೆಗೋಡೆ) ಸುಕ್ಕುಗಟ್ಟಿದ್ದರೆ, ಯಾರಿಗೂ ತರಚದಿದ್ದರೂ ಅದು ಆಕ್ಸಿಡೆಂಟ್ ಎಂದೇ ದಾಖಲಾಗಬಹುದು. ನೆನಪಿನ ಮೇಲೆ ಟಿಕ್ ಹಾಕಿದರೆ ಇಲ್ಲಿಯೇ ತಪ್ಪುವುದು.

ಪಿಆರ್‌ಡಿಯ ಕೊರತೆಯೂ ಇಲ್ಲೇ ಇದೆ. ನಮೂದು ಸಿಗುತ್ತದೆ, ಸಂದರ್ಭ ಸಿಗುವುದಿಲ್ಲ. ಗಾಳಿ ಹೇಗಿತ್ತು, ಕಂಟ್ರೋಲ್ ಯಾರ ಕೈಯಲ್ಲಿತ್ತು ಎಂಬುದಕ್ಕೆ ಎನ್‌ಟಿಎಸ್‌ಬಿಯ ಕ್ಯಾರಲ್ ಎಂಬ ಆನ್‌ಲೈನ್ ಹುಡುಕಾಟಕ್ಕೆ ಹೋಗಬೇಕು. ವಿಮಾನದ ನೋಂದಣಿ ಸಂಖ್ಯೆ ಮತ್ತು ದಿನಾಂಕ ಕೊಟ್ಟರೆ ವರದಿ ಬರುತ್ತದೆ. ವರದಿಯಲ್ಲಿ ಪೈಲಟ್‌ನ ಹೆಸರು ಇರುವುದಿಲ್ಲ, ಆದರೆ ನೇಮಕಾತಿ ಮಾಡುವವರಿಗೂ ನೋಂದಣಿ ಸಂಖ್ಯೆ ಸಾಕು. ಎರಡನ್ನೂ ಪಕ್ಕಪಕ್ಕ ಇಟ್ಟು ದಿನಾಂಕ, ವಿಮಾನದ ಮಾದರಿ, ವರ್ಗೀಕರಣ ತಾಳೆ ನೋಡಿ. ರಾತ್ರಿ ನಡೆದ ಘಟನೆಯಲ್ಲಿ ಸ್ಥಳೀಯ ಸಮಯ ಮತ್ತು ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ನಡುವೆ ದಿನಾಂಕವೇ ಬದಲಾಗಿರಬಹುದು.

ಆಮೇಲೆ ಅರ್ಜಿಯ ಪ್ರಶ್ನೆಯನ್ನು ಅಕ್ಷರಕ್ಷರ ಓದಿ. ಆಕ್ಸಿಡೆಂಟ್, ಇನ್ಸಿಡೆಂಟ್, ತನಿಖೆ, ಶಿಸ್ತುಕ್ರಮ ಇವು ಬೇರೆಬೇರೆ ಪ್ರಶ್ನೆಗಳು. "ಎಂದಾದರೂ" ಎಂದಿದ್ದರೆ ವಿದ್ಯಾರ್ಥಿಯಾಗಿದ್ದಾಗಿನದೂ ಸೇರುತ್ತದೆ. ವಿವರಣೆಗೆ ನಾಲ್ಕೈದು ವಾಕ್ಯ ಸಾಕು: ದಿನಾಂಕ, ಊರು, ವಿಮಾನ, ಎನ್‌ಟಿಎಸ್‌ಬಿ ಸಂಖ್ಯೆ, ಹಾರಾಟದ ಯಾವ ಹಂತದಲ್ಲಿ ಏನಾಯಿತು, ಗಾಯ ಮತ್ತು ಹಾನಿ, ವರದಿ ಹೇಳಿದ ಸಂಭವನೀಯ ಕಾರಣ, ಮರುತರಬೇತಿ ಅಥವಾ 709 ಮರುಪರೀಕ್ಷೆ (ಪೈಲಟ್‌ನ ಅರ್ಹತೆಯನ್ನು ಎಫ್‌ಎಎ ಮತ್ತೆ ಪರೀಕ್ಷಿಸುವುದು) ಆಗಿದ್ದರೆ ಅದರ ಫಲಿತಾಂಶ. ವರದಿ ನಿಮ್ಮನ್ನೇ ಕಾರಣ ಎಂದಿದ್ದರೆ ಹಾಗೆಯೇ ಬರೆಯಿರಿ. ಅಡ್ಡಗಾಳಿಯನ್ನು ದೂರುವ ವಿವರಣೆಯನ್ನು ಸಂದರ್ಶನದ ಕೋಣೆಯಲ್ಲಿ ಕೂತ ಕ್ಯಾಪ್ಟನ್‌ಗಳು ಒಂದೇ ಓದಿಗೆ ಹಿಡಿಯುತ್ತಾರೆ. ತನಿಖೆ ಮುಗಿದಿಲ್ಲವಾದರೆ "ಕಾರಣ ಇನ್ನೂ ನಿರ್ಧಾರವಾಗಿಲ್ಲ" ಎನ್ನಿ, ಊಹಿಸಬೇಡಿ.

ಕಂಪನಿಯ ಕಡೆಯಿಂದ ನೋಡಿದರೆ ಅರ್ಜಿ ಮೊದಲು, ಪಿಆರ್‌ಡಿ ಪರಿಶೀಲನೆ ಆಮೇಲೆ. ಪೈಲಟ್ ಕೆಲಸ ಶುರುಮಾಡುವ ಮುಂಚೆ ಕಂಪನಿ ಅದನ್ನು ಮುಗಿಸಲೇಬೇಕು. ಆದ್ದರಿಂದ ಬಿಟ್ಟುಹೋದ ಸಂಗತಿ ಹೊರಬೀಳುವುದು ಸಾಮಾನ್ಯವಾಗಿ ಷರತ್ತಿನ ಆಫರ್ ಕೈಗೆ ಬಂದ ಮೇಲೆ. ಆಗ ಪ್ರಶ್ನೆ ಅಪಘಾತದ್ದಾಗಿ ಉಳಿಯುವುದಿಲ್ಲ, ಮುಚ್ಚಿಟ್ಟಿದ್ದರದ್ದಾಗುತ್ತದೆ.

ದಾಖಲೆಯಲ್ಲಿ ತಪ್ಪಿದ್ದರೆ ಪಿಆರ್‌ಡಿಯಲ್ಲೇ ತಿದ್ದುಪಡಿ ಕೋರಬಹುದು, ಇದು ನಿಯಮವೇ ಕೊಟ್ಟ ಹಕ್ಕು. ಆದರೆ ಎನ್‌ಟಿಎಸ್‌ಬಿ ವರದಿಯ ತೀರ್ಮಾನ ಇದರಿಂದ ಬದಲಾಗದು. ಅದಕ್ಕೆ ಹೊಸ ಸಾಕ್ಷ್ಯವೋ ತೀರ್ಮಾನದ ತಪ್ಪೋ ತೋರಿಸಿ ಎನ್‌ಟಿಎಸ್‌ಬಿಗೇ ಮರುಪರಿಶೀಲನೆಯ ಅರ್ಜಿ ಹಾಕಬೇಕು. ತಿದ್ದುಪಡಿ ಬಾಕಿಯಿರುವಾಗ ನಿಮ್ಮ ದಾಖಲೆ ನೋಡಲು ಕಂಪನಿ ಒಪ್ಪಿಗೆ ಕೇಳಿದರೆ, ಕೋರಿಕೆಯ ಪ್ರತಿಯನ್ನು ನೇಮಕಾತಿ ವಿಭಾಗಕ್ಕೆ ಮೊದಲೇ ಕಳಿಸಿ, ಆಮೇಲೆ ಆ ಕಂಪನಿಯ ಹೆಸರಿಗೆ ಒಪ್ಪಿಗೆ ಕೊಡಿ.