ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೋ, ಇಂಡೊನೇಷ್ಯಾದ ಬಾಲಿಗೋ?

ಹೊರದೇಶದಲ್ಲಿದ್ದು ಆನ್‌ಲೈನ್ ಕೆಲಸ ಮಾಡಲು ಲ್ಯಾಪ್‌ಟಾಪ್ ಹೊತ್ತು ವರ್ಷಗಟ್ಟಲೆ ಹೊರಡುವುದಾದರೆ ಊರಿಗಿಂತ ಮೊದಲು ವೀಸಾ ನೋಡಿ. ಥಾಯ್ಲೆಂಡ್ 2024ರಲ್ಲಿ ತಂದ ಡಿಟಿವಿ (ಡೆಸ್ಟಿನೇಶನ್ ಥಾಯ್ಲೆಂಡ್ ವೀಸಾ) ಐದು ವರ್ಷದ್ದು. ಒಮ್ಮೆ ಒಳಹೊಕ್ಕರೆ 180 ದಿನ. ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು. ಇಂಡೊನೇಷ್ಯಾದ ರಿಮೋಟ್ ವರ್ಕರ್ ವೀಸಾ ಒಂದೇ ವರ್ಷದ್ದು, ಕೇಳುವುದು ವರ್ಷಕ್ಕೆ 60,000 ಡಾಲರ್ ಆದಾಯ. ಉಳಿತಾಯವಿದ್ದು ಸಂಬಳ ಸಾಧಾರಣವಾಗಿದ್ದರೆ ಚಿಯಾಂಗ್ ಮಾಯ್ ಸರಿ. ಬಾಡಿಗೆಯೂ ಅಲ್ಲೇ ಹಗುರ.

ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ, ಕಾಡು ಸುಡುವ ಹೊಗೆಗೆ ದೊಯಿ ಸುಥೇಪ್ ಬೆಟ್ಟವೇ ಮರೆಯಾಗುತ್ತದೆ. ಉಬ್ಬಸದವರಿಗೆ ಆಗ ಬಾಲಿಯೇ ವಾಸಿ. ಅಲ್ಲಿ ಸಮುದ್ರವಿದೆ, ಚಾಂಗು ಎಂಬ ಕಡಲತಡಿಯ ಊರಿನ ಸ್ಕೂಟರ್ ಜಂಗುಳಿಯೂ ಇದೆ (ಸಿಲ್ಕ್ ಬೋರ್ಡ್ ನೆನಪಾದೀತು).

ಕಚೇರಿ ಬೆಂಗಳೂರಿನಲ್ಲಿದ್ದರೆ ಎರಡೂ ಸಲೀಸು: ಇಲ್ಲಿ ಬೆಳಿಗ್ಗೆ 10 ಗಂಟೆಯ ಮೀಟಿಂಗ್ ಚಿಯಾಂಗ್ ಮಾಯ್‌ನಲ್ಲಿ 11.30ಕ್ಕೆ, ಬಾಲಿಯಲ್ಲಿ 12.30ಕ್ಕೆ. ಅಮೆರಿಕದ ಕೆಲಸವಾದರೆ ಎರಡರಲ್ಲೂ ನಿದ್ದೆಗೇಡು.