ಅರಿವು ಕೇಂದ್ರ: ದುಡ್ಡು ಆಗಲೇ ಕಟ್ಟಿದ್ದೀರಿ, ಒಳಗೆ ಹೋಗಿ ನೋಡಿ

ಗ್ರಾಮ ಪಂಚಾಯಿತಿಗೆ ಮನೆ ಕಂದಾಯ ಕಟ್ಟಿದ ರಸೀದಿ ತೆಗೆದು ನೋಡಿ. ಆರೋಗ್ಯ ಕರ, ಶಿಕ್ಷಣ ಕರಗಳ ಜೊತೆಗೆ ಗ್ರಂಥಾಲಯ ಕರ ಎಂಬ ಸಾಲು ಸಿಗುತ್ತದೆ. ಶೇ. 6, ಅಂದರೆ ಸಾವಿರ ರೂಪಾಯಿ ಕಂದಾಯಕ್ಕೆ 60 ರೂಪಾಯಿ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಇದು. ಆದ್ದರಿಂದ ಪಂಚಾಯಿತಿ ಗ್ರಂಥಾಲಯ ಪುಕ್ಕಟೆ ಸೇವೆ, ಕೊಟ್ಟಷ್ಟು ತೆಗೆದುಕೊಳ್ಳಬೇಕು ಅನ್ನುವ ಮಾತು ಬೇಡ. ಹೋಟೆಲ್ಲಿನ ತಿಂಡಿಯನ್ನು ಅಳೆದ ಹಾಗೆಯೇ ಇದನ್ನೂ ಅಳೆಯಬಹುದು.

2019ರಲ್ಲಿ ಈ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಆಮೇಲೆ ಹೆಸರಿಗೆ ‘ಮಾಹಿತಿ ಕೇಂದ್ರ’ ಸೇರಿಕೊಂಡಿತು, ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’. ಹೆಸರು ಬದಲಾದ ಕಡೆಯಲ್ಲೆಲ್ಲ ಕೆಲಸವೂ ಬದಲಾಗಿದೆಯೇ ಎಂದು ತಿಳಿಯಲು ಕಪಾಟು ಎಣಿಸುವುದಕ್ಕಿಂತ ಮೊದಲು ಸೂಚನಾ ಫಲಕದ ಮುಂದೆ ನಿಲ್ಲಬೇಕು.

ಚೆನ್ನಾಗಿ ನಡೆಯುವ ಕೇಂದ್ರದ ಫಲಕದಲ್ಲಿ ಮುಂದಿನ ಗ್ರಾಮಸಭೆಯ ದಿನ, ಮಕ್ಕಳ ಲಸಿಕೆಯ ದಿನ, ಬೆಳೆ ವಿಮೆಯ ಕೊನೇ ದಿನ, ವಿದ್ಯಾರ್ಥಿವೇತನದ ಕೊನೇ ದಿನ ಇರುತ್ತವೆ. ಪ್ರತಿಯೊಂದರ ಪಕ್ಕದಲ್ಲಿ ಏನೇನು ದಾಖಲೆ ಬೇಕು ಎಂದು ಕೈಬರಹದಲ್ಲಿ ನಾಲ್ಕು ಸಾಲು. ಆ ನಾಲ್ಕು ಸಾಲೇ ಮುಖ್ಯ. ಇಲಾಖೆಯ ಸುತ್ತೋಲೆಯನ್ನು ಹಾಗೇ ಅಂಟಿಸಿದರೆ ಓದುವವರು ಯಾರು? ಅವಧಿ ಮುಗಿದ ಸೂಚನೆಯ ಮೇಲೇ ಹೊಸದನ್ನು ಅಂಟಿಸುತ್ತ ಹೋದ ಫಲಕ ಕಂಡರೆ, ಒಳಗೂ ಅದೇ ಪರಿಸ್ಥಿತಿ ಎಂದು ಲೆಕ್ಕ ಹಾಕಬಹುದು.

ವಿದ್ಯಾರ್ಥಿವೇತನದ ಅರ್ಜಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಕೇಳುತ್ತದೆ. ಪತ್ರದ ಅವಧಿ ಮುಗಿದಿದ್ದರೆ ಅಲ್ಲೇ ನಿಂತಿತು, ಮತ್ತೆ ನಾಡಕಚೇರಿಗೆ ಹೋಗಬೇಕು. ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಗೆ, ಆಧಾರ್‌ನಲ್ಲಿ ಮೊದಲಿಗೆ ಇದ್ದರೆ ಹೆಸರು ತಾಳೆಯಾಗದೆ ತೊಂದರೆ. ಅರ್ಜಿ ಮಂಜೂರಾಗಿಯೂ ಹಣ ಬರದಿದ್ದರೆ ಹೆಚ್ಚಿನ ಸಲ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೇ ಆಗಿರುವುದಿಲ್ಲ. ಒಟಿಪಿ ಮಾತ್ರ ಅಪ್ಪನ ಹಳೇ ಸಿಮ್‌ಗೆ ಹೋಗುತ್ತಿರುತ್ತದೆ! ಈ ತೊಡಕುಗಳನ್ನು ಮೊದಲೇ ಹೇಳಿ, ‘ನಾಳೆ ಈ ಮೂರು ಕಾಗದ, ಈ ಫೋನ್ ತನ್ನಿ’ ಎಂದು ಕಳಿಸುವ ಮೇಲ್ವಿಚಾರಕರು ಇದ್ದರೆ ಕೇಂದ್ರ ಅರ್ಧ ಗೆದ್ದ ಹಾಗೆ. ಪಟ್ಟಣಕ್ಕೆ ಹೋಗಿಬರುವ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಉಳಿಯುತ್ತವೆ.

ಕೇಂದ್ರದ ಕಂಪ್ಯೂಟರ್ ವಿಷಯದಲ್ಲಿ ಒಂದು ಎಚ್ಚರಿಕೆ. ಇಳಿಸಿಕೊಂಡ ಪ್ರಮಾಣಪತ್ರ, ಆಧಾರ್ ಪ್ರತಿ ಎಲ್ಲವೂ ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿ ಉಳಿಯುತ್ತವೆ. ಮುದ್ರಣವಾದ ಕೂಡಲೇ ಕಡತ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ, ಡಿಜಿಲಾಕರ್ ಮತ್ತು ಇಮೇಲ್‌ನಿಂದ ಲಾಗೌಟ್ ಆಗಿ. ಬ್ರೌಸರ್ ‘ಪಾಸ್‌ವರ್ಡ್ ಉಳಿಸಲೇ’ ಎಂದು ಕೇಳಿದರೆ ಬೇಡ ಅನ್ನಿ. ಈ ಸೂಚನೆ ಮಾನಿಟರಿನ ಅಂಚಿಗೇ ಅಂಟಿಸಿರಬೇಕು, ಆದರೆ ಬಹಳ ಕಡೆ ಇರುವುದಿಲ್ಲ.

ಪತ್ರಿಕೆಗಳ ಮೇಜಿಗೆ ಬನ್ನಿ. ಪುಟಗಳನ್ನು ಎಡ ಅಂಚಿನಲ್ಲಿ ದಾರ ಹಾಕಿ ಹೊಲಿದಿದ್ದರೆ ಒಳ್ಳೆಯ ಲಕ್ಷಣ. ಹೊಲಿಯದಿದ್ದರೆ ಕ್ರೀಡಾಪುಟ ಒಬ್ಬರ ಕೈಯಲ್ಲಿ, ಮಾರುಕಟ್ಟೆ ಧಾರಣೆ ಇನ್ನೊಬ್ಬರ ಕೈಯಲ್ಲಿ, ಮಧ್ಯಾಹ್ನದ ಹೊತ್ತಿಗೆ ನೇಮಕಾತಿ ಪ್ರಕಟಣೆಗೆ ಬ್ಲೇಡು. ಪೊಲೀಸ್, ಗ್ರಾಮ ಆಡಳಿತಾಧಿಕಾರಿ ಪರೀಕ್ಷೆಗೆ ಓದುವ ಹುಡುಗರು ಹೆಚ್ಚಿರುವ ಊರಲ್ಲಿ ಅಧಿಸೂಚನೆಯ ಸಂಖ್ಯೆ, ಹುದ್ದೆ, ಕೊನೇ ದಿನಾಂಕ ಇಷ್ಟನ್ನು ಬೆಳಿಗ್ಗೆಯೇ ಫಲಕಕ್ಕೆ ಬರೆದುಬಿಟ್ಟರೆ ಕತ್ತರಿಸುವ ಚಾಳಿ ತಾನಾಗಿ ಕಡಿಮೆಯಾಗುತ್ತದೆ.

ಪುಸ್ತಕಗಳಿಗೆ ಎರಡು ಶತ್ರು, ಗೆದ್ದಲು ಮತ್ತು ಬೀಗ. ಗೆದ್ದಲು ಗೋಡೆಯಿಂದ ಕಪಾಟಿಗೆ ದಾಟುತ್ತದೆ. ಕಬ್ಬಿಣದ ರ‍್ಯಾಕನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿಟ್ಟರೆ ಮಣ್ಣಿನ ಸುರಂಗ ಕಣ್ಣಿಗೆ ಬೀಳುತ್ತದೆ, ಗಾಳಿಯೂ ಆಡುತ್ತದೆ. ಮಲೆನಾಡು, ಕರಾವಳಿಯ ಕಡೆ ಈ ಗೇಣು ಬಿಡದಿದ್ದರೆ ಒಂದು ಮಳೆಗಾಲದಲ್ಲಿ ಕೆಳಸಾಲಿಗೆ ಬೂಷ್ಟು ಹಿಡಿಯುತ್ತದೆ. ಬೀಗದ್ದು ಬೇರೆ ಕತೆ. ಕಳೆದ ಪುಸ್ತಕದ ಹೊಣೆ ತಮ್ಮ ತಲೆಗೇ ಬರುತ್ತದೆಂಬ ಭಯಕ್ಕೆ ಹೊಸ ಪುಸ್ತಕಗಳು ಬೀರುವಿನೊಳಗೇ ಉಳಿದುಬಿಡುತ್ತವೆ. ಅದಕ್ಕೆ ಮದ್ದು ದಾಖಲೆ. ಒಂದು ಪುಸ್ತಕ ಕೈಗೆತ್ತಿಕೊಂಡು ನೋಡಿ: ಪರಿಗ್ರಹಣ ಸಂಖ್ಯೆ (ಗ್ರಂಥಾಲಯದ ದಾಖಲೆಯಲ್ಲಿ ಆ ಪುಸ್ತಕದ ಕ್ರಮಸಂಖ್ಯೆ) ಬರೆದಿರಬೇಕು, ಮೊದಲ ಪುಟದಲ್ಲಿ ಮೊಹರು ಇರಬೇಕು, ನಡುವೆ ಒಂದು ಗೊತ್ತುಪಡಿಸಿದ ಪುಟದಲ್ಲೂ ಮೊಹರು ಇರಬೇಕು. ಇದಕ್ಕೆ ಗುಪ್ತಪುಟ ಅನ್ನುತ್ತಾರೆ. ಮೊದಲ ಹಾಳೆ ಹರಿದು ಹಾಕಿದರೂ ಪುಸ್ತಕ ಯಾರದ್ದೆಂದು ಅದು ಹೇಳುತ್ತದೆ. ಇಷ್ಟಿದ್ದು ಎರವಲು ವಹಿಯಲ್ಲಿ ಸಹಿ ಬೀಳುತ್ತಿದ್ದರೆ ಬೀರು ಮುಚ್ಚಿಡುವ ಕಾರಣವೇ ಇಲ್ಲ.

ಸದಸ್ಯತ್ವ ಸರಳ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ. ದೊಡ್ಡವರಿಂದ ಠೇವಣಿ ಪಡೆದರೆ ರಸೀದಿ ಕೇಳಿ ಇಟ್ಟುಕೊಳ್ಳಿ. ಮಕ್ಕಳು ಬರುವುದು ಶಾಲೆ ಬಿಟ್ಟ ಮೇಲೆ ಮತ್ತು ಭಾನುವಾರ. ಆ ಹೊತ್ತಿಗೆ ಬಾಗಿಲು ಹಾಕಿರುವ ಕೇಂದ್ರಕ್ಕೆ ಎಷ್ಟು ಬಣ್ಣ ಹೊಡೆದರೂ, ಗೋಡೆಗೆ ಎಷ್ಟು ಚಿತ್ರ ಬರೆದರೂ ನಮ್ಮ ಲೆಕ್ಕದಲ್ಲಿ ಅದು ಫೇಲ್.

ಹೆಚ್ಚು ಅಂಕ ಕಳೆಯಬೇಕಾದ್ದು ಇನ್ನೊಂದು ಕಡೆ. ಪಂಚಾಯಿತಿ ಕಟ್ಟಡದೊಳಗೇ ಗ್ರಂಥಾಲಯ ಇದ್ದು, ಬಾಗಿಲಲ್ಲೇ ಗಂಡಸರು ಪೇಪರ್ ಹಿಡಿದು ರಾಜಕೀಯ ಮಾತಾಡುತ್ತ ಕೂತಿದ್ದರೆ ಹೈಸ್ಕೂಲು ಹುಡುಗಿಯರು ಹೊಸ್ತಿಲು ದಾಟುವುದಿಲ್ಲ. ‘ಹೆಣ್ಣುಮಕ್ಕಳು ಬರುವುದೇ ಇಲ್ಲ’ ಎಂದು ದೂರುವುದು ಸುಲಭ. ಪೇಪರ್ ಮೇಜನ್ನು ಜಗಲಿಗೆ ಹಾಕಿ, ಒಳಗಿನ ಕೋಣೆಯನ್ನು ಓದುವವರಿಗೆ ಬಿಟ್ಟರೆ ಸಾಕು, ಪೈಸೆ ಖರ್ಚಿಲ್ಲ. ಸ್ವಸಹಾಯ ಸಂಘದ ವಾರದ ಸಭೆ ಇಲ್ಲೇ ನಡೆದರೆ ತಾಯಂದಿರ ಜೊತೆ ಮಕ್ಕಳೂ ಬರುತ್ತಾರೆ, ಉಳಿತಾಯದ ಪುಸ್ತಕದ ಜೊತೆ ಕಪಾಟಿನ ಪುಸ್ತಕವೂ ಮನೆಗೆ ಹೋಗುತ್ತದೆ.

ಬೇಕಾದ ಪುಸ್ತಕ ಇಲ್ಲ, ಸಮಯ ಸರಿಯಿಲ್ಲ, ಇಂಟರ್ನೆಟ್ ಬಿಲ್ ಕಟ್ಟಿಲ್ಲ ಎಂದಾದರೆ ಮೇಲ್ವಿಚಾರಕರ ಮೇಲೆ ರೇಗಿ ಫಲವಿಲ್ಲ, ಹಣ ಅವರ ಕೈಯಲ್ಲಿಲ್ಲ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಎರಡು ಪ್ರತಿ ಮನವಿ ಬರೆದು, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬೇಕಾದ ಪುಸ್ತಕಗಳ ಹೆಸರನ್ನು, ಕಳೆದ ವರ್ಷ ವಸೂಲಾದ ಗ್ರಂಥಾಲಯ ಕರ ಎಷ್ಟು ಎಂಬ ಪ್ರಶ್ನೆಯನ್ನು ಅದರಲ್ಲೇ ಬರೆಯಿರಿ. ಆಮೇಲೆ ಅದೇ ಕಾಗದ ಹಿಡಿದು ಗ್ರಾಮಸಭೆಗೆ ಹೋಗಿ, ನಿಮ್ಮ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಅಲ್ಲಿಂದ ಏಳಬೇಡಿ.