ಸೋಲುವ ತಂಡಕ್ಕೆ ಟಿಕೆಟ್ ಏಕೆ: ಸ್ಯಾನ್ ಹೋಸೆ ಶಾರ್ಕ್ಸ್ ತವರು ಪಂದ್ಯಗಳ ವಿಮರ್ಶೆ

ಶಾರ್ಕ್ಸ್ ಐಸ್ ಹಾಕಿ ತಂಡದ ಪಂದ್ಯಕ್ಕೆ ಟಿಕೆಟ್ ಕೊಳ್ಳಬಹುದೇ ಎಂದು ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡಿಗ ಗೆಳೆಯರು ಕೇಳುವುದುಂಟು. 2023–24 ಮತ್ತು 2024–25, ಈ ಎರಡೂ ಸೀಸನ್‌ಗಳಲ್ಲಿ ಇಡೀ ಎನ್‌ಎಚ್‌ಎಲ್‌ನ (ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗಿನ) ಕಟ್ಟಕಡೆಯ ಸ್ಥಾನದಲ್ಲಿ ಉಳಿದ ತಂಡಕ್ಕೆ ದುಡ್ಡು ತೆತ್ತು ನೋಡುವುದಾದರೂ ಏನನ್ನು ಎಂಬುದೇ ಅವರ ನಿಜವಾದ ಸಂಶಯ. ತಂಡದ ತವರು ಕ್ರೀಡಾಂಗಣವಾದ ಎಸ್‌ಎಪಿ ಸೆಂಟರ್‌ನಲ್ಲಿ ಆ ಎರಡು ಸೀಸನ್‌ಗಳಲ್ಲಿ ನಡೆದ ಪಂದ್ಯಗಳನ್ನು ಮುಂದಿಟ್ಟುಕೊಂಡು ಈ ವಿಮರ್ಶೆ ಬರೆದಿದ್ದೇನೆ.

ಶಾರ್ಕ್ಸ್ ಮೊದಲಿನಿಂದಲೂ ಸೋಲುತ್ತಲೇ ಬಂದ ತಂಡವಲ್ಲ. 2004ರಿಂದ 2019ರವರೆಗೆ ಅದು ಪ್ಲೇಆಫ್ ತಪ್ಪಿಸಿಕೊಂಡದ್ದು 2015ರಲ್ಲಿ ಮಾತ್ರ. 2016ರಲ್ಲಿ ಲೀಗಿನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸ್ಟ್ಯಾನ್ಲಿ ಕಪ್ ಫೈನಲ್ ತಲುಪಿ ಪಿಟ್ಸ್‌ಬರ್ಗ್‌ಗೆ ಸೋತಿತು. ಆ ಪೀಳಿಗೆಯ ಆಟಗಾರರಿಗೆ ವಯಸ್ಸಾದರೂ ದೀರ್ಘಾವಧಿ ಒಪ್ಪಂದಗಳ ಹೊರೆ ಇಳಿಯಲಿಲ್ಲ. ಸಂಬಳಕ್ಕೆ ಮಿತಿಯಿರುವ ಲೀಗಿನಲ್ಲಿ ಹೊಸಬರನ್ನು ತರಲು ಜಾಗವೂ ಉಳಿಯಲಿಲ್ಲ. 2022ರ ಜುಲೈನಲ್ಲಿ ಜನರಲ್ ಮ್ಯಾನೇಜರ್ ಆಗಿ ಬಂದ ಮೈಕ್ ಗ್ರಿಯರ್ ಹಳೆಯ ಮನೆಯನ್ನು ದುರಸ್ತಿ ಮಾಡುವ ಬದಲು ಕೆಡವಿಯೇ ಕಟ್ಟುವ ದಾರಿ ಹಿಡಿದರು. ಮೊದಲು ಬ್ರೆಂಟ್ ಬರ್ನ್ಸ್, ಬಳಿಕ ಟಿಮೋ ಮಾಯರ್, 101 ಅಂಕ (ಆಟಗಾರನ ಲೆಕ್ಕದಲ್ಲಿ ಅಂಕವೆಂದರೆ ಗೋಲು ಮತ್ತು ಗೋಲಿಗೆ ಕೊಟ್ಟ ನೆರವುಗಳ ಮೊತ್ತ) ಗಳಿಸಿ ಲೀಗಿನ ಶ್ರೇಷ್ಠ ಡಿಫೆನ್ಸ್‌ಮನ್ (ರಕ್ಷಣಾ ಆಟಗಾರ) ಪ್ರಶಸ್ತಿ ಗೆದ್ದ ಬೆನ್ನಿಗೇ ಎರಿಕ್ ಕಾರ್ಲ್‌ಸನ್, ಕಡೆಗೆ 2024ರ ಮಾರ್ಚ್‌ನಲ್ಲಿ ಊರಿನ ಅಚ್ಚುಮೆಚ್ಚಿನ ತೊಮಾಶ್ ಹೆರ್ಟ್ಲ್, ಹೀಗೆ ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಹೊರಟುಹೋದರು.

ಗ್ರಾಹಕನ ಲೆಕ್ಕದಲ್ಲಿ 2023–24 ಶುದ್ಧ ನಷ್ಟದ ಸೀಸನ್. ಮೊದಲ 11 ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. ನವೆಂಬರ್‌ನ ಮೊದಲ ವಾರದಲ್ಲಿ ಸಾಲಾಗಿ ಎರಡು ಪಂದ್ಯಗಳಲ್ಲಿ ಹತ್ತು ಹತ್ತು ಗೋಲು ಬಿಟ್ಟುಕೊಟ್ಟಾಗ, ಮೂರು ಅವಧಿಗಳ ಆಟದಲ್ಲಿ ಎರಡನೆಯ ಅವಧಿ ಮುಗಿಯುವ ಮುನ್ನವೇ ಎದ್ದು ಹೋದವರನ್ನು ದೂರುವಂತಿರಲಿಲ್ಲ. 82 ಪಂದ್ಯಗಳಲ್ಲಿ 19 ಗೆಲುವು, ಲೀಗ್ ಪಟ್ಟಿಯಲ್ಲಿ 47 ಅಂಕ. ಆ ವರ್ಷ ಹಣ ಕೊಟ್ಟು ಬಂದ ಪ್ರೇಕ್ಷಕನಿಗೆ ತಂಡ ತೋರಿಸಬಹುದಾಗಿದ್ದದ್ದು ಬಹುಮಟ್ಟಿಗೆ ಭವಿಷ್ಯದ ಭರವಸೆಯನ್ನಷ್ಟೇ, ಮತ್ತು ಆ ಭರವಸೆ ಇನ್ನೂ ರಿಂಕಿಗೆ (ಮಂಜುಗಡ್ಡೆಯ ಆಟದಂಗಳಕ್ಕೆ) ಇಳಿದಿರಲಿಲ್ಲ.

ತಾಳ್ಮೆಯ ವಿಷಯದಲ್ಲಿ ಆರ್‌ಸಿಬಿ ಅಭಿಮಾನಿಗಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಐಪಿಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಹುಮಾನವಿಲ್ಲ. ಹರಾಜಿನಲ್ಲಿ ಸೋತವರಿಗೂ ಗೆದ್ದವರಿಗೂ ಒಂದೇ ಬೆಲೆಪಟ್ಟಿ. ಎನ್‌ಎಚ್‌ಎಲ್‌ನಲ್ಲಿ ಹಾಗಲ್ಲ. ಎಲ್ಲರಿಗಿಂತ ಕೆಳಗಿರುವ ತಂಡಕ್ಕೆ ಡ್ರಾಫ್ಟ್ ಲಾಟರಿಯಲ್ಲಿ (ಹೊಸ ಹುಡುಗರನ್ನು ಯಾವ ತಂಡ ಎಷ್ಟನೆಯದಾಗಿ ಆರಿಸಿಕೊಳ್ಳಬೇಕೆಂದು ತೀರ್ಮಾನಿಸುವ ಚೀಟಿಯೆತ್ತುವಿಕೆಯಲ್ಲಿ) ಮೊದಲ ಆಯ್ಕೆ ಸಿಗುವ ಸಾಧ್ಯತೆ ಶೇ. 25.5, ಅದೃಷ್ಟ ಎಷ್ಟೇ ಕೈಕೊಟ್ಟರೂ ಅದು ಮೂರನೆಯ ಆಯ್ಕೆಗಿಂತ ಕೆಳಗೆ ಜಾರುವುದಿಲ್ಲ. 2024ರಲ್ಲಿ ಅದೃಷ್ಟ ಒಲಿದು ಶಾರ್ಕ್ಸ್ ಮ್ಯಾಕ್ಲಿನ್ ಸೆಲೆಬ್ರಿನಿಯನ್ನು ಆರಿಸಿಕೊಂಡಿತು. 2025ರಲ್ಲಿ ಎರಡನೆಯ ಆಯ್ಕೆಯಾಗಿ ಮೈಕಲ್ ಮೀಸಾ ಬಂದರು. ಸೋಲನ್ನೇ ಬಂಡವಾಳ ಮಾಡಿಕೊಳ್ಳುವ ಈ ಏರ್ಪಾಡು ನನಗೆ ಪೂರ್ತಿ ಒಪ್ಪಿಗೆಯಲ್ಲ, ಆದರೆ ಏಕೆ ಕಾಯಬೇಕು ಎಂಬ ಪ್ರಶ್ನೆಗೆ ಇಲ್ಲಿ ಲೆಕ್ಕವಿರುವ ಉತ್ತರವಾದರೂ ಸಿಗುತ್ತದೆ.

2024–25ರಲ್ಲಿ ತಂಡದ ಅಂಕ 47ರಿಂದ 52ಕ್ಕೆ ಏರಿತು, ಅಷ್ಟೇ. ಪಟ್ಟಿ ನೋಡಿದವರಿಗೆ ಏನೂ ಬದಲಾಗಲಿಲ್ಲ, ಕುರ್ಚಿಯಲ್ಲಿ ಕುಳಿತವರಿಗೆ ಬಹಳ ಬದಲಾಗಿತ್ತು. ಅಕ್ಟೋಬರ್ 10ರಂದು ತನ್ನ ಮೊದಲ ಪಂದ್ಯದಲ್ಲೇ 18ರ ಸೆಲೆಬ್ರಿನಿ ಒಂದು ಗೋಲು ಹೊಡೆದು ಇನ್ನೊಂದಕ್ಕೆ ನೆರವಾದರೂ, ತಂಡ ಸೇಂಟ್ ಲೂಯಿಸ್‌ಗೆ ಹೆಚ್ಚುವರಿ ಅವಧಿಯಲ್ಲಿ 5–4ರಿಂದ ಸೋತಿತು. ಸೀಸನ್ ಮುಗಿಯುವಾಗ ಅವರ ಲೆಕ್ಕ 70 ಪಂದ್ಯಗಳಲ್ಲಿ 63 ಅಂಕ. ಅಂಕಗಳಿಗಿಂತ ನನ್ನ ಕಣ್ಣು ಹಿಡಿದದ್ದು ಪಕ್ (ಆಟದ ರಬ್ಬರ್ ಬಿಲ್ಲೆ) ಕೈತಪ್ಪಿದ ಮರುಗಳಿಗೆ: ಕೋಲನ್ನು ಒಂದೇ ಕೈಯಲ್ಲಿ ಮುಂದೆ ಚಾಚಿ, ತಲೆ ತಗ್ಗಿಸದೆ, ರಿಂಕಿನ ಪೂರ್ತಿ ಉದ್ದ ಹಿಂದಕ್ಕೆ ಓಡಿ ಎದುರಾಳಿಯ ಮಗ್ಗುಲಿಗೆ ಬಂದು ಸೇರುವ ಆ ಹಟ. ಅದನ್ನು ನೋಡಬೇಕಾದರೆ ಮೇಲಿನ ಹಂತದ ಅಗ್ಗದ ಆಸನವೇ ಲೇಸು. ಗಾಜಿನ ಪಕ್ಕದ ದುಬಾರಿ ಆಸನದಲ್ಲಿ ವೇಗವೂ ಸದ್ದೂ ಚೆನ್ನಾಗಿ ಸಿಗುತ್ತವೆ. ಐವರು ಒಟ್ಟಾಗಿ ಹೇಗೆ ಚಲಿಸುತ್ತಿದ್ದಾರೆ, ಯಾರು ಜಾಗ ಬಿಟ್ಟು ಅಲೆದರು ಎಂಬುದು ಮೇಲಿನಿಂದಲೇ ಕಾಣುತ್ತದೆ, ಮತ್ತು ಕಟ್ಟುತ್ತಿರುವ ತಂಡದಲ್ಲಿ ನೋಡಬೇಕಾದದ್ದೇ ಅದು.

ಆಕ್ಷೇಪವೂ ಇದೆ. 2024ರ ಡಿಸೆಂಬರ್‌ನಲ್ಲಿ ಗೋಲ್‌ಕೀಪರ್ ಮೆಕೆಂಜಿ ಬ್ಲ್ಯಾಕ್‌ವುಡ್ ಕೊಲೊರಾಡೊಗೆ, ಎರಡು ತಿಂಗಳೊಳಗೆ ಮಿಕಾಯೆಲ್ ಗ್ರ್ಯಾನ್‌ಲುಂಡ್ ಡಲ್ಲಾಸ್‌ಗೆ ಹೋದರು. ಯೋಜನೆಯ ದೃಷ್ಟಿಯಿಂದ ಎರಡೂ ಸರಿಯಾದ ವ್ಯಾಪಾರಗಳೇ ಇರಬಹುದು. ಅಕ್ಟೋಬರ್‌ನಲ್ಲಿ ಇಡೀ ಸೀಸನ್‌ಗೆ ಹಣ ಕಟ್ಟಿದವನಿಗೆ ಮಾತ್ರ ಫೆಬ್ರವರಿಯಲ್ಲಿ ಸಿಕ್ಕಿದ್ದು ಬೇರೆಯದೇ, ಇನ್ನಷ್ಟು ಸಪ್ಪೆಯಾದ ಸರಕು. ತಂಡ ಅಭಿಮಾನಿಗಳಿಂದ ತಾಳ್ಮೆ ಕೇಳುವುದಾದರೆ, ಇಂಥ ವರ್ಷಗಳ ಟಿಕೆಟ್ ದರದಲ್ಲಿಯೂ ಆ ತಾಳ್ಮೆಗೆ ಬೆಲೆ ಕಟ್ಟಬೇಕು.

ಕ್ರೀಡಾಂಗಣದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕ್ಯಾಲ್‌ಟ್ರೇನ್‌ನ ಡಿರಿಡಾನ್ ನಿಲ್ದಾಣ ರಸ್ತೆಯ ಆಚೆ ಬದಿಯಲ್ಲೇ ಇರುವುದರಿಂದ ಕಾರಿನ ಗೊಡವೆ ಬೇಕಿಲ್ಲ. ಆಟಗಾರರು ಮಂಜುಹೊಗೆಯ ನಡುವೆ ದೈತ್ಯ ಶಾರ್ಕ್ ತಲೆಯ ಬಾಯಿಂದ ಹೊರಬರುವಾಗ ಮಕ್ಕಳು ಕಿರುಚುವುದು ತಂಡದ ಸ್ಥಾನವನ್ನು ನೋಡಿಕೊಂಡಲ್ಲ. ಐಸ್ ಹಾಕಿ ಹೊಸದಾಗಿರುವವರು ಇಂಥ ತಂಡದ ಪೂರ್ತಿ ಸೀಸನ್ ಟಿಕೆಟ್ ಕೊಳ್ಳುವುದು ಬೇಡ. ವಾರದ ನಡುವಿನ ಒಂದು ಪಂದ್ಯಕ್ಕೆ ಮೇಲಿನ ಹಂತದಲ್ಲಿ ಜಾಗ ಹಿಡಿದು, ಒಬ್ಬನೇ ಹುಡುಗನನ್ನು ಮೂರೂ ಅವಧಿ ಹಿಂಬಾಲಿಸಿ ನೋಡಲಿ. ಆಟದ ಹುಚ್ಚು ಈಗಾಗಲೇ ಹಿಡಿದವರಿಗೆ ಅರ್ಧ ಸೀಸನ್‌ನ ಟಿಕೆಟ್ ಸಾಕು, ಅದೂ ಜನವರಿಯ ನಂತರದ ಪಂದ್ಯಗಳಿಗೆ ಹೆಚ್ಚು ಪಾಲು ಇಟ್ಟುಕೊಂಡರೆ ಒಳ್ಳೆಯದು, ಏಕೆಂದರೆ ಹಿರಿಯರು ಬೇರೆ ತಂಡಗಳಿಗೆ ಹೋಗಿ ತೆರವಾದ ಜಾಗಗಳಲ್ಲಿ ಹೊಸ ಹುಡುಗರಿಗೆ ಆಡುವ ಅವಕಾಶ ಹೆಚ್ಚಾಗಿ ಸಿಗುವುದು ಆಗಲೇ.